‘ಪ್ರೊ’ ಅಂದರೆ ಜಾಸ್ತಿ ಒಳ್ಳೇದು ಅಂತಲ್ಲ: ಶುಗರ್ ಸೆನ್ಸರ್ ಬಾಕ್ಸ್ ಓದುವುದು ಹೇಗೆ?

ಪ್ರಶ್ನೆ: ನಮ್ಮೂರು ಮಂಡ್ಯ. ಅಪ್ಪನಿಗೆ 68 ವರ್ಷ. ಇಪ್ಪತ್ತು ವರ್ಷದಿಂದ ಶುಗರ್ ಇದೆ, ಆರು ವರ್ಷದಿಂದ ಇನ್ಸುಲಿನ್ ತಗೊಳ್ತಿದ್ದಾರೆ. ಈಚೆಗೆ ಎರಡು ಸಲ ನಡುರಾತ್ರಿ ಮೈಯೆಲ್ಲ ಬೆವೆತು, ಕೈ ನಡುಗಿ ಎದ್ದುಬಿಟ್ಟರು. ತೋಳಿಗೆ ಅಂಟಿಸುವ ಸೆನ್ಸರ್ ಹಾಕಿ ಅಂತ ಎಲ್ಲರೂ ಹೇಳಿದರು. ಈಗ ಮನೆಯಲ್ಲಿ ನಾಲ್ಕು ಬಾಕ್ಸ್ ಸೇರಿವೆ. ಒಂದನ್ನು ಇಲ್ಲೇ ಮೆಡಿಕಲ್ ಸ್ಟೋರ್‌ನಲ್ಲಿ ತಂದೆ. ಎರಡನ್ನು ಅಮೆರಿಕದಲ್ಲಿರುವ ಅಣ್ಣ ತಂದುಕೊಟ್ಟ. ಒಂದು ಅತ್ತಿಗೆಯ ಹತ್ತಿರ ಉಳಿದಿದ್ದು, ಇನ್ನೊಂದು ಅವನೇ ಅಲ್ಲಿ ಕೊಂಡಿದ್ದು. ನಾಲ್ಕನೆಯದು ಪಕ್ಕದ ಮನೆಯವರು ಕೊಟ್ಟಿದ್ದು. ಇಲ್ಲಿ ತಂದದ್ದರ ಮೇಲೆ ‘ಪ್ರೊ’ ಅಂತಿತ್ತು, ಒಳ್ಳೆಯದಿರಬೇಕು ಅಂತ ಮೊದಲು ಅದನ್ನೇ ಹಾಕಿದೆ. ಫೋನ್ ಅದನ್ನು ತಗೊಳ್ಳಲೇ ಇಲ್ಲ. ಎರಡು ದಿನ ಒದ್ದಾಡಿ ಕಿತ್ತುಹಾಕಿದೆ. ಉಳಿದ ಮೂರನ್ನು ಮುಟ್ಟೋಕೆ ಭಯ. ಬಾಕ್ಸ್ ನೋಡಿಯೇ ಯಾವ ಮಾಡೆಲ್ ಅಂತ ಗುರುತಿಸೋದು ಹೇಗೆ? ಪಕ್ಕದ ಮನೆಯವರು ಕೊಟ್ಟಿದ್ದರ ಡೇಟ್ ಎರಡು ತಿಂಗಳ ಹಿಂದೆ ಮುಗಿದಿದೆ, ಹಾಕಬಹುದಾ? ನಾಲ್ಕರ ಫೋಟೋ ಕಳಿಸಿದ್ದೇನೆ.

ಉತ್ತರ:

ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ನಿಮ್ಮ ಮನೆಯಲ್ಲಿರುವ ನಾಲ್ಕೂ ಬೇರೆ ಬೇರೆ ಮಾಡೆಲ್. ನಾಲ್ಕರಲ್ಲಿ ಒಂದೂ ಈಗ ನಿಮ್ಮ ತಂದೆಗೆ ಹೊಂದುವುದಿಲ್ಲ ಅಂತ ಹೇಳಬೇಕಾಗಿ ಬಂದದ್ದಕ್ಕೆ ನನಗೂ ಬೇಜಾರಿದೆ. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ. ಬಾಕ್ಸ್ ಓದುವುದನ್ನು ಒಮ್ಮೆ ಕಲಿತರೆ ಮುಂದಿನ ಸಲ ದುಡ್ಡು ಹಾಳಾಗುವುದಿಲ್ಲ.

ಮೊದಲು ಆ ‘ಪ್ರೊ’. ಮೊಬೈಲ್ ಅಂಗಡಿಯಲ್ಲಿ ಪ್ರೊ ಅಂದರೆ ದುಬಾರಿ ಮಾಡೆಲ್, ಜಾಸ್ತಿ ಸೌಲಭ್ಯ. ಅದೇ ಲೆಕ್ಕದಲ್ಲಿ ಇಲ್ಲೂ ಯೋಚಿಸಿದಿರಿ. ನಿಮ್ಮೊಬ್ಬರ ತಪ್ಪಲ್ಲ ಇದು. ಮೈಸೂರಿನ ನಮ್ಮ ಕ್ಲಿನಿಕ್‌ಗೆ ಪಾಂಡವಪುರ, ಮದ್ದೂರು, ಶ್ರೀರಂಗಪಟ್ಟಣದ ಕಡೆಯಿಂದ ಬರುವವರಲ್ಲೂ ಈ ತಪ್ಪನ್ನೇ ನಾನು ಹೆಚ್ಚಾಗಿ ನೋಡಿದ್ದೇನೆ. ಫ್ರೀಸ್ಟೈಲ್ ಲಿಬ್ರೆ ಪ್ರೊ ಅನ್ನುವುದು ಡಾಕ್ಟರ ಬಳಕೆಗೆ ಮಾಡಿದ ಸೆನ್ಸರ್. ಪ್ರೊಫೆಷನಲ್ ಅನ್ನುವುದನ್ನು ಮೊಟಕು ಮಾಡಿ ಪ್ರೊ ಅಂದಿದ್ದಾರೆ, ಅಷ್ಟೇ. ಅದನ್ನು ಶುರು ಮಾಡುವುದು ಡಾಕ್ಟರ ಹತ್ತಿರ ಇರುವ ಪ್ರೊ ರೀಡರ್, ಅಂದರೆ ಸೆನ್ಸರ್ ಓದುವ ಪುಟ್ಟ ಯಂತ್ರ. ಹದಿನೈದು ನಿಮಿಷಕ್ಕೊಂದು ಅಳತೆಯಂತೆ 14 ದಿನದ ಲೆಕ್ಕ, ಅಂದರೆ 1,344 ಅಳತೆ, ಸೆನ್ಸರ್ ಒಳಗೇ ಉಳಿಯುತ್ತದೆ. ಕೊನೆಗೆ ಡಾಕ್ಟರ್ ರೀಡರ್ ಹಿಡಿದು ಅದನ್ನು ಒಟ್ಟಿಗೆ ತೆಗೆದುಕೊಳ್ಳುತ್ತಾರೆ. ಹಾಕಿಕೊಂಡವರಿಗೆ ಮಧ್ಯದಲ್ಲಿ ಏನೂ ಕಾಣುವುದಿಲ್ಲ. ಫೋನಿಗೂ ಅದಕ್ಕೂ ಸಂಬಂಧವೇ ಇಲ್ಲ. ಹಾಗಾಗಿ ನಿಮ್ಮ ಫೋನ್ ಕೆಟ್ಟಿರಲಿಲ್ಲ, ಸೆನ್ಸರ್ ಕೂಡ ಕೆಟ್ಟಿರಲಿಲ್ಲ.

ಪ್ರೊ ಕೆಲಸಕ್ಕೆ ಬಾರದ್ದು ಅಂತ ಇದರ ಅರ್ಥ ಅಲ್ಲ. ಇನ್ಸುಲಿನ್ ಡೋಸ್ ಸರಿಯಾಗಿದೆಯಾ, ಮುದ್ದೆ ಊಟದ ನಂತರ ಶುಗರ್ ಎಷ್ಟು ಏರುತ್ತೆ, ರಾತ್ರಿ ಎಷ್ಟು ಇಳಿಯುತ್ತೆ ಅಂತ ಡಾಕ್ಟರ್ ತಿಳಿಯಬೇಕಾದರೆ ತುಂಬಾ ಉಪಯೋಗ. ಆದರೆ ಮನೆಯವರು ರಾತ್ರಿ ಎರಡು ಗಂಟೆಗೆ ನೋಡಬೇಕು ಅಂದರೆ ಅದು ಉತ್ತರ ಕೊಡುವುದಿಲ್ಲ.

ಈಗ ಬಾಕ್ಸ್ ಓದುವ ವಿಚಾರ. ಬಣ್ಣ ನೋಡಿ ನಿರ್ಧಾರ ಮಾಡಬೇಡಿ. ಒಂದೇ ಕಂಪನಿಯ ಡಬ್ಬಿಗಳು ಅಣ್ಣತಮ್ಮಂದಿರ ಥರ ಇರುತ್ತವೆ. ದೊಡ್ಡ ಅಕ್ಷರದಲ್ಲಿ ಫ್ರೀಸ್ಟೈಲ್ ಲಿಬ್ರೆ ಅಂತ ಇದ್ದರೆ ಅದು ಮನೆತನದ ಹೆಸರು. ಮಗುವಿನ ಹೆಸರು ಅದರ ಪಕ್ಕದಲ್ಲೋ ಕೆಳಗೋ ಇರುವ ಸಣ್ಣ ಪದದಲ್ಲಿರುತ್ತದೆ. ಪ್ರೊ, 2, 2 ಪ್ಲಸ್, 3, 3 ಪ್ಲಸ್, ಅಥವಾ ಏನೂ ಇಲ್ಲದೆ ಬರೀ ಲಿಬ್ರೆ. ಆ ಬಾಲ ಬಿಟ್ಟು ಓದಿದರೆ ಇಡೀ ಲೆಕ್ಕ ತಪ್ಪುತ್ತದೆ. ಬರೀ ಲಿಬ್ರೆ 14 ದಿನದ್ದು. ಅದನ್ನು ಶುರು ಮಾಡಿದ ಒಂದು ಗಂಟೆಯ ಮೇಲೆ ಅಳತೆ ಸಿಗುತ್ತದೆ. ರೀಡರ್ ಅಥವಾ ಫೋನನ್ನು ತೋಳಿನ ಹತ್ತಿರ ತಂದಾಗ ಮಾತ್ರ ಅಂಕಿ ಬರುತ್ತದೆ. ಹಿಂದಿನ ಎಂಟು ಗಂಟೆಯ ಲೆಕ್ಕ ಮಾತ್ರ ಅದರಲ್ಲಿ ಉಳಿಯುವುದರಿಂದ ಎಂಟು ಗಂಟೆಗೊಮ್ಮೆಯಾದರೂ ಸ್ಕ್ಯಾನ್ ಮಾಡಬೇಕು. ಶುಗರ್ ಇಳಿದರೆ ತಾನಾಗಿ ಕೂಗುವುದಿಲ್ಲ. ಲಿಬ್ರೆ 2ರಲ್ಲಿ ಬ್ಲೂಟೂತ್ ಇದೆ, ಇಳಿದಾಗ, ಏರಿದಾಗ ಅಲಾರಂ ಹೊಡೆಯುತ್ತದೆ. ಲಿಬ್ರೆ 3 ಸ್ಕ್ಯಾನ್ ಮಾಡದೆಯೇ ನಿಮಿಷಕ್ಕೊಂದು ಅಂಕಿ ಕಳಿಸುತ್ತದೆ. ಪ್ಲಸ್ ಅಂತ ಸೇರಿದರೆ 14ರ ಬದಲು 15 ದಿನ.

ಬಾಕ್ಸ್ ಒಳಗಿನ ಸಾಮಾನು ಕೂಡ ಸುಳಿವು ಕೊಡುತ್ತದೆ. ಬರೀ ಲಿಬ್ರೆ, ಪ್ರೊ, ಲಿಬ್ರೆ 2 ಇವುಗಳಲ್ಲಿ ಎರಡು ತುಂಡು ಇರುತ್ತವೆ. ಮೇಲೆ ಹಾಳೆ ಅಂಟಿಸಿದ ಪುಟ್ಟ ಡಬ್ಬಿ ಒಂದು, ಮುಚ್ಚಳ ತಿರುಗಿಸಿ ತೆಗೆಯುವ ಅಪ್ಲಿಕೇಟರ್, ಅಂದರೆ ಸೆನ್ಸರನ್ನು ತೋಳಿಗೆ ಹಾಕುವ ಸಾಧನ, ಇನ್ನೊಂದು. ಎರಡರ ಮೇಲೂ ಕಪ್ಪು ಗುರುತು ಇರುತ್ತದೆ. ಗುರುತಿಗೆ ಗುರುತು ಹೊಂದಿಸಿ ಒತ್ತಿದರೆ ಸೆನ್ಸರ್ ತಯಾರಾಗುತ್ತದೆ. ಆ ಎರಡು ತುಂಡಿನ ಮೇಲೂ ಒಂದು ಕೋಡ್ ಅಚ್ಚಾಗಿರುತ್ತದೆ, ಎರಡೂ ಒಂದೇ ಇರಬೇಕು. ಮನೆಯಲ್ಲಿ ಎರಡು ಬಾಕ್ಸ್ ಒಟ್ಟಿಗೆ ಬಿಚ್ಚಿ, ಇದರ ಡಬ್ಬಿ ಅದರ ಅಪ್ಲಿಕೇಟರ್ ಅಂತ ಅದಲುಬದಲು ಮಾಡಿಕೊಂಡವರನ್ನು ನೋಡಿದ್ದೇನೆ. ಹಾಗೆ ಮಾಡಬಾರದು. ಲಿಬ್ರೆ 3ರಲ್ಲಿ ಜೋಡಿಸುವ ಕೆಲಸವೇ ಇಲ್ಲ, ಒಂದೇ ತುಂಡು. ಸೆನ್ಸರ್ ಕೂಡ ಚಿಕ್ಕದು, ಸುಮಾರು 21 ಮಿಲಿಮೀಟರ್ ಅಗಲ. ಉಳಿದವು 35 ಮಿಲಿಮೀಟರ್.

ತೋಳಿಗೆ ಅಂಟಿಸಿದ ಮೇಲೆ ಬರೀ ಲಿಬ್ರೆಯನ್ನೂ ಲಿಬ್ರೆ 2ನ್ನೂ ನಾನೇ ದೂರದಿಂದ ಗುರುತಿಸಲಾರೆ. ಅದಕ್ಕೇ ಸೆನ್ಸರ್ ಕೆಲಸ ಮುಗಿಯುವವರೆಗೂ ಬಾಕ್ಸ್ ಎಸೆಯಬೇಡಿ. ಹಾಕಿದ ತಾರೀಖು, ಸಮಯ ಅದರ ಮೇಲೆ ಪೆನ್ನಲ್ಲಿ ಬರೆದು ಔಷಧಿ ಡಬ್ಬಿಯಲ್ಲಿಡಿ.

ನಿಜವಾದ ಮಾಹಿತಿ ಇರುವುದು ಬಾಕ್ಸ್‌ನ ಪಕ್ಕದ ಬದಿಯಲ್ಲಿ, ಸಣ್ಣ ಚಿತ್ರಗಳ ಸಾಲಿನಲ್ಲಿ. ಈ ಚಿತ್ರಗಳು ಎಲ್ಲ ದೇಶದಲ್ಲೂ ಒಂದೇ. ಕಂಪನಿ ಬೇರೆಯಾದರೂ ಅರ್ಥ ಬದಲಾಗುವುದಿಲ್ಲ. ಚೌಕದೊಳಗೆ ಆರ್-ಇ-ಎಫ್ ಅಂತ ಇದ್ದರೆ ಅದರ ಮುಂದಿನ ಸಂಖ್ಯೆ ಮಾಡೆಲ್‌ನದು. ನನ್ನ ಮಟ್ಟಿಗೆ ಇಡೀ ಬಾಕ್ಸ್‌ನಲ್ಲಿ ನಂಬಬೇಕಾದ ಗುರುತು ಅದು. ಅಂಗಡಿಯವರಿಗಾಗಲಿ ಕಂಪನಿ ಸಹಾಯವಾಣಿಗಾಗಲಿ ಆ ನಂಬರ್ ಓದಿದರೆ ಯಾವ ಮಾಡೆಲ್, ಯಾವ ದೇಶಕ್ಕೆ ಮಾಡಿದ್ದು ಅಂತ ಗೊತ್ತಾಗುತ್ತದೆ. ಎಲ್-ಓ-ಟಿ ಅಂದರೆ ಬ್ಯಾಚ್, ಎಸ್-ಎನ್ ಅಂದರೆ ಆ ಒಂದೇ ಸೆನ್ಸರಿನ ಸೀರಿಯಲ್ ನಂಬರ್. 2ರ ಅಂಕಿಗೆ ಅಡ್ಡಗೆರೆ ಎಳೆದಿದ್ದರೆ ಒಂದೇ ಸಲ ಬಳಸಿ ಅಂತ. ಕಿತ್ತದ್ದನ್ನು ಮತ್ತೆ ಅಂಟಿಸೋಕೆ ಹೋಗಬೇಡಿ. ಥರ್ಮಾಮೀಟರ್ ಚಿತ್ರದ ಕೆಳಗೊಂದು, ಮೇಲೊಂದು ಅಂಕಿ ಇರುತ್ತದೆ. ಆ ಎರಡರ ನಡುವಿನ ತಾಪಮಾನದಲ್ಲಿ ಇಡಬೇಕು.

ಡೇಟ್ ವಿಷಯದಲ್ಲಿ ಜನ ಜಾಸ್ತಿ ಎಡವುತ್ತಾರೆ. ಕಾರ್ಖಾನೆ ಚಿತ್ರದ ಪಕ್ಕದಲ್ಲಿರುವುದು ತಯಾರಾದ ದಿನ. ಮರಳು ಗಡಿಯಾರದ ಪಕ್ಕದಲ್ಲಿರುವುದು ಬಳಸಬಹುದಾದ ಕೊನೆಯ ದಿನ. ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ ಬರುತ್ತದೆ. ವರ್ಷ, ತಿಂಗಳು ಮಾತ್ರ ಇದ್ದರೆ ಆ ತಿಂಗಳ ಕೊನೆಯ ದಿನ ಅಂತ ತಿಳಿಯಿರಿ. 14 ದಿನ, 15 ದಿನ ಅಂತ ಬರೆದಿರುವುದು ತೋಳಿಗೆ ಹಾಕಿದ ಮೇಲಿನ ಲೆಕ್ಕ, ಅದಕ್ಕೂ ಎಕ್ಸ್‌ಪೈರಿಗೂ ಸಂಬಂಧ ಇಲ್ಲ.

ಅಕ್ಷರ ತೀರಾ ಸಣ್ಣದಾಗಿ ಕಾಣದಿದ್ದರೆ ಪಕ್ಕದಲ್ಲೇ ಚುಕ್ಕಿ ಚುಕ್ಕಿಯ ಒಂದು ಚೌಕ ಇರುತ್ತದೆ. ಅದನ್ನು ಫೋನಿನ ಬಾರ್‌ಕೋಡ್ ಸ್ಕ್ಯಾನರ್‌ನಲ್ಲಿ ತೆಗೆದರೆ ಉದ್ದನೆಯ ಅಂಕಿಗಳ ಸಾಲು ಬರುತ್ತದೆ. 01 ಆದಮೇಲೆ ಬರುವ 14 ಅಂಕಿ ಆ ಮಾಡೆಲ್‌ನ ಗುರುತು, 17 ಆದಮೇಲೆ ಬರುವ ಆರು ಅಂಕಿ ಕೊನೆಯ ದಿನ. ಉದಾಹರಣೆಗೆ 17ರ ಮುಂದೆ 270331 ಇದ್ದರೆ 2027ರ ಮಾರ್ಚ್ 31ರವರೆಗೆ ಬಳಸಬಹುದು. 10ರ ಮುಂದೆ ಬ್ಯಾಚ್, 21ರ ಮುಂದೆ ಸೀರಿಯಲ್. ಬಾಕ್ಸ್ ಮೇಲಿನ ಅಚ್ಚು ಅಳಿಸಿದ್ದರೆ, ಅಂಗಡಿಯ ಸ್ಟಿಕ್ಕರ್ ಅದರ ಮೇಲೆ ಕೂತಿದ್ದರೆ, ನಾನು ಹೀಗೇ ನೋಡುವುದು.

ಅಣ್ಣ ತಂದ ಎರಡು ಬಾಕ್ಸ್‌ಗೆ ಬರೋಣ. ಅತ್ತಿಗೆಯವರ ಹತ್ತಿರ ಉಳಿದದ್ದು ಲಿಬ್ರೆ 3 ಪ್ಲಸ್. ಸೆನ್ಸರ್ ಏನೋ ಚೆನ್ನಾಗಿದೆ. ಆದರೆ ಇವುಗಳ ಆಪ್ ಆಯಾ ದೇಶದ ಲೆಕ್ಕದಲ್ಲಿ ಇರುತ್ತದೆ. ಅಲ್ಲಿಯ ಸೆನ್ಸರನ್ನು ಇಲ್ಲಿಯ ಫೋನಿನ ಆಪ್ ಹೊಂದುವುದಿಲ್ಲ ಅಂತ ಹೇಳಿಬಿಟ್ಟರೆ ಅಲ್ಲಿಗೆ ಮುಗಿಯಿತು, ಚುಚ್ಚಿದ ಮೇಲೆ ಏನೂ ಮಾಡಲಾಗದು. ಇನ್ನೊಂದು ಮುಖ್ಯ ಮಾತು. 2025ರ ನವೆಂಬರ್‌ನಲ್ಲಿ ಲಿಬ್ರೆ ತಯಾರಿಸುವ ಅಬಾಟ್ ಕಂಪನಿಯೇ ಒಂದು ಎಚ್ಚರಿಕೆ ಕೊಟ್ಟಿತು. ಲಿಬ್ರೆ 3 ಮತ್ತು 3 ಪ್ಲಸ್‌ನ ಕೆಲವು ಸೆನ್ಸರ್‌ಗಳು ಶುಗರ್ ಇರುವುದಕ್ಕಿಂತ ಕಡಿಮೆ ತೋರಿಸಬಹುದು, ಸೀರಿಯಲ್ ನಂಬರ್ ಪರೀಕ್ಷಿಸಿಕೊಳ್ಳಿ ಅಂತ. ಕಡಿಮೆ ಅಂತ ನಂಬಿ ಸಕ್ಕರೆ ತಿಂದರೆ, ಇನ್ಸುಲಿನ್ ಬಿಟ್ಟರೆ ಎಷ್ಟು ಅನಾಹುತ, ಅಲ್ವಾ? ಆ ಬಾಕ್ಸ್‌ನ ಎಸ್-ಎನ್ ಮುಂದಿನ ನಂಬರನ್ನು ಅಣ್ಣನಿಗೆ ಕಳಿಸಿ, ಕಂಪನಿಯ ವೆಬ್‌ಸೈಟ್‌ನಲ್ಲಿ ಹಾಕಿ ನೋಡಲಿ. ಹೇಗಿದ್ದರೂ ಅದು ಅತ್ತಿಗೆಯವರಿಗೆ ಬರೆದುಕೊಟ್ಟದ್ದು, ಅವರಿಗೇ ಹೋದರೆ ಒಳ್ಳೆಯದು.

ಅಣ್ಣ ಕೊಂಡದ್ದು ಸ್ಟೆಲೊ. ಡೆಕ್ಸ್‌ಕಾಮ್ ಕಂಪನಿಯದು, ಅಮೆರಿಕದಲ್ಲಿ 2024ರಿಂದ ಚೀಟಿ ಇಲ್ಲದೆ ಸಿಗುತ್ತಿದೆ. ಅಲ್ಲಿಂದ ಬರುವವರು ಸುಲಭವಾಗಿ ತರುವುದು ಅದನ್ನೇ. ಆದರೆ ಸ್ಟೆಲೊ ಇನ್ಸುಲಿನ್ ತೆಗೆದುಕೊಳ್ಳದ, 18 ದಾಟಿದವರಿಗೆ ಮಾತ್ರ. ಶುಗರ್ ತುಂಬಾ ಇಳಿದಾಗ ಎಚ್ಚರಿಸುವ ಅಲಾರಂ ಅದರಲ್ಲಿ ಇಲ್ಲ. ನಿಮ್ಮ ತಂದೆಗೆ ಬೇಕಾಗಿರುವುದೇ ಆ ಅಲಾರಂ. ಅಬಾಟ್‌ನವರ ಲಿಂಗೊ ಅನ್ನುವ ಸೆನ್ಸರ್ ಕೂಡ ಹೀಗೆಯೇ, ಇನ್ಸುಲಿನ್ ತಗೊಳ್ಳುವವರಿಗೆ ಅಲ್ಲ. ಪ್ರೀತಿಯಿಂದ ತಂದಿದ್ದಾನೆ, ಬೈಯಬೇಡಿ. ಮುಂದಿನ ಸಲ ಕೊಳ್ಳುವ ಮೊದಲು ಬಾಕ್ಸ್‌ನ ಪಕ್ಕದ ಬದಿಯ ಫೋಟೋ ಕಳಿಸಲು ಹೇಳಿ.

ಪಕ್ಕದ ಮನೆಯವರು ಕೊಟ್ಟಿರುವುದು ಬರೀ ಲಿಬ್ರೆ, ಡೇಟ್ ಮುಗಿದಿದೆ. ‘ಎರಡು ತಿಂಗಳು ತಾನೇ, ಮಾತ್ರೆ ಆದರೆ ನುಂಗಲ್ವಾ’ ಅಂತ ಕೇಳುವವರಿದ್ದಾರೆ. ಸೆನ್ಸರ್ ಮಾತ್ರೆಯಂತಲ್ಲ. ಚರ್ಮದೊಳಗೆ ಹೋಗುವ ಆ ಕೂದಲಿನಂಥ ಎಳೆಯ ಮೇಲೆ ಒಂದು ಕಿಣ್ವ ಲೇಪಿಸಿರುತ್ತಾರೆ. ಗ್ಲೂಕೋಸ್ ಅದಕ್ಕೆ ತಾಗಿದಾಗ ಹುಟ್ಟುವ ಸಣ್ಣ ವಿದ್ಯುತ್ತನ್ನೇ ಸೆನ್ಸರ್ ಅಂಕಿಯಾಗಿ ತೋರಿಸುವುದು. ಆ ಕಿಣ್ವ ಕಾಲ ಕಳೆದಂತೆ, ಬಿಸಿ ತಾಗಿದಂತೆ ಸೊರಗುತ್ತದೆ. ಸೊರಗಿದ ಸೆನ್ಸರ್ ಸುಮ್ನೆ ಆಫ್ ಆಗಿಬಿಟ್ಟರೆ ಚಿಂತೆಯಿಲ್ಲ. ಅದು ತಪ್ಪು ಅಂಕಿಯನ್ನು ಸರಿ ಅಂಕಿಯ ಹಾಗೇ ತೋರಿಸಬಹುದು. ಇನ್ಸುಲಿನ್ ಹಾಕಿಸಿಕೊಳ್ಳುವ ಮನೆಯಲ್ಲಿ ಅದು ಬೇಡ.

ಡೇಟ್ ಇದ್ದರೂ ಎಲ್ಲಿಟ್ಟಿದ್ದರು ಅನ್ನುವುದು ಮುಖ್ಯ. ಬರೀ ಲಿಬ್ರೆ ಬಾಕ್ಸ್ ಮೇಲೆ 4ರಿಂದ 25 ಡಿಗ್ರಿ ಅಂತ ಇದೆ. ಏಪ್ರಿಲ್‌ನಲ್ಲಿ ಮಂಡ್ಯದ ಶೀಟಿನ ಮನೆಯ ಅಟ್ಟದ ಮೇಲೆ, ಹೊರಗೆ ನಿಲ್ಲಿಸಿದ ಕಾರಿನೊಳಗೆ 25 ಡಿಗ್ರಿ ಎಲ್ಲಿರುತ್ತೆ? ಫ್ರಿಜ್‌ನ ಕೆಳಗಿನ ಭಾಗದಲ್ಲಿಡಬಹುದು, ಹೆಪ್ಪುಗಟ್ಟುವ ಕಡೆ ಬೇಡ. ಹಾಕುವ ಮೊದಲು ಹೊರಗಿಟ್ಟು ಕೋಣೆಯ ಬಿಸಿಗೆ ಬರಲಿ.

ಮಾಡೆಲ್ ಹೆಸರು ಗೊತ್ತಿರಬೇಕು ಅನ್ನಲು ಇನ್ನೊಂದು ಕಾರಣ ಇದೆ. ಇದನ್ನು ಜನಕ್ಕೆ ಯಾರೂ ಹೇಳುವುದಿಲ್ಲ. ಯಾವ ಮಾತ್ರೆ ಸೆನ್ಸರನ್ನು ದಾರಿ ತಪ್ಪಿಸುತ್ತದೆ ಅನ್ನುವುದು ಮಾಡೆಲ್ ಮೇಲೆ ನಿಂತಿದೆ. ಬರೀ ಲಿಬ್ರೆ, ಲಿಬ್ರೆ 2, 3 ಹಾಕಿದವರು ದಿನಕ್ಕೆ 500 ಮಿಲಿಗ್ರಾಂಗಿಂತ ಜಾಸ್ತಿ ವಿಟಮಿನ್ ಸಿ ತಗೊಂಡರೆ ಶುಗರ್ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ನೆಗಡಿ ಅಂತ ನಮ್ಮಲ್ಲಿ ಚೀಪುವ ವಿಟಮಿನ್ ಸಿ ಮಾತ್ರೆ ಒಂದಕ್ಕೇ 500 ಮಿಲಿಗ್ರಾಂ ಇರುತ್ತದೆ. ದಿನಕ್ಕೆರಡು ಚೀಪಿ, ಏರಿದ ಅಂಕಿ ನಂಬಿ ಇನ್ಸುಲಿನ್ ಜಾಸ್ತಿ ಮಾಡಿದರೆ ರಾತ್ರಿ ಲೋ ಆಗುತ್ತದೆ. ಡೆಕ್ಸ್‌ಕಾಮ್‌ನ ಜಿ6, ಜಿ7 ಹಾಕಿದವರಿಗೆ ಹೈಡ್ರಾಕ್ಸಿಯೂರಿಯಾ ಅನ್ನುವ ಔಷಧಿ ಅಡ್ಡಿ. ಮೆಡ್‌ಟ್ರಾನಿಕ್ ಗಾರ್ಡಿಯನ್ ಸೆನ್ಸರ್ 3 ಹಾಕಿದವರಿಗೆ ಮಾಮೂಲಿ ಪ್ಯಾರಾಸಿಟಮಾಲ್ ಕೂಡ ಅಂಕಿ ಏರಿಸುತ್ತದೆ. ತಂದೆಯ ಮಾತ್ರೆ ಚೀಟಿ ಜೊತೆಗೆ ಸೆನ್ಸರ್ ಹೆಸರನ್ನೂ ಡಾಕ್ಟರಿಗೆ ತೋರಿಸಿ.

ಬೇರೆ ಕಂಪನಿಗಳ ಬಾಕ್ಸ್ ಕೈಗೆ ಬಂದರೆ ಇಷ್ಟು ನೆನಪಿಡಿ. ಡೆಕ್ಸ್‌ಕಾಮ್ ಜಿ6ರಲ್ಲಿ ಸೆನ್ಸರ್ ಬಾಕ್ಸ್ ಬೇರೆ, ಅದರ ಅಂಕಿಯನ್ನು ಫೋನಿಗೆ ಕಳಿಸುವ ಟ್ರಾನ್ಸ್‌ಮಿಟರ್ ಬಾಕ್ಸ್ ಬೇರೆ. ಒಂದನ್ನೇ ತಂದರೆ ಕೆಲಸ ನಡೆಯದು. ಜಿ7ರಲ್ಲಿ ಎರಡೂ ಒಂದೇ. ಎರಡರಲ್ಲೂ ಅಪ್ಲಿಕೇಟರ್ ಮೇಲೆ ನಾಲ್ಕು ಅಂಕಿಯ ಕೋಡ್ ಇರುತ್ತದೆ, ಎಸೆಯುವ ಮುಂಚೆ ಬರೆದುಕೊಳ್ಳಿ. ಗಾರ್ಡಿಯನ್ ಸೆನ್ಸರ್ 3 ಏಳು ದಿನದ್ದು, ಅದಕ್ಕೂ ಟ್ರಾನ್ಸ್‌ಮಿಟರ್ ಬೇರೆ ಬೇಕು, ಬೆರಳು ಚುಚ್ಚಿ ಲೆಕ್ಕ ಹೊಂದಿಸುವುದೂ ತಪ್ಪುವುದಿಲ್ಲ.

ಹೊರದೇಶದ ರೀಡರ್ ಬಗ್ಗೆಯೂ ಒಂದು ಮಾತು. ಬ್ರಿಟನ್ನಿನ ರೀಡರ್ ಮಿಲಿಮೋಲ್ (mmol/L) ಲೆಕ್ಕದಲ್ಲಿ ತೋರಿಸುತ್ತದೆ, ನಮ್ಮಲ್ಲಿ ಮಿಲಿಗ್ರಾಂ (mg/dL) ಲೆಕ್ಕ. ಒಂದು ಮಿಲಿಮೋಲ್ ಅಂದರೆ ನಮ್ಮ 18. ಒಮ್ಮೆ ಒಬ್ಬ ಹಿರಿಯರು ರೀಡರ್‌ನಲ್ಲಿ 7.4 ನೋಡಿ, ಅದು ಮೂರು ತಿಂಗಳ ಸರಾಸರಿ ಅಂದುಕೊಂಡು ನನ್ನ ಹತ್ತಿರ ಬಂದರು. ಅದು ಆ ಕ್ಷಣದ ಶುಗರ್, ನಮ್ಮ ಲೆಕ್ಕದಲ್ಲಿ 133. ಹಾಗಾಗಿ ಅಂಕಿ ನೋಡುವ ಮೊದಲು ಅದರ ಪಕ್ಕದ ಅಳತೆಯ ಹೆಸರು ನೋಡಿ.

ಇಲ್ಲಿ ಕೊಳ್ಳುವಾಗ ಬಾಕ್ಸ್ ಮೇಲೆ ಆಮದು ಮಾಡಿದವರ ಹೆಸರು, ವಿಳಾಸ, ಆಮದು ಪರವಾನಗಿ ನಂಬರ್, ಎಂಆರ್‌ಪಿ ಇರಲೇಬೇಕು. 2017ರ ವೈದ್ಯಕೀಯ ಸಾಧನಗಳ ನಿಯಮ ಪರವಾನಗಿ ನಂಬರ್ ಕೇಳುತ್ತದೆ. ಅದಿಲ್ಲದ ಬಾಕ್ಸ್ ನಕಲಿಯೇ ಅಂತ ಹೇಳುವುದಿಲ್ಲ, ಯಾರೋ ಹೊರಗಿಂದ ತಂದು ಮಾರುತ್ತಿರಬಹುದು. ಆದರೆ ಎರಡೇ ದಿನಕ್ಕೆ ಸೆನ್ಸರ್ ನಿಂತುಹೋದರೆ ಬದಲಿ ಕೇಳಲು ನಿಮಗೆ ದಾರಿ ಇರುವುದಿಲ್ಲ. ಬಿಲ್ ತಗೊಳ್ಳಿ. ಅಂಗಡಿಯಲ್ಲಿ ‘ಸೆನ್ಸರ್ ಕೊಡಿ’ ಅಂತ ಮಾತ್ರ ಕೇಳಬೇಡಿ. ‘ಪ್ರೊ ಬೇಡ, ನಮ್ಮ ಫೋನಲ್ಲೇ ನೋಡಬೇಕು, ಲೋ ಆದರೆ ಅಲಾರಂ ಹೊಡೆಯಬೇಕು’ ಅನ್ನಿ. ಫೋನಿನಲ್ಲಿ ಎನ್‌ಎಫ್‌ಸಿ (ಹತ್ತಿರ ಹಿಡಿದಾಗ ಸೆನ್ಸರ್ ಓದುವ ಸೌಲಭ್ಯ) ಇದೆಯಾ ಅಂತ ಸೆಟ್ಟಿಂಗ್ಸ್‌ನಲ್ಲಿ ಮೊದಲೇ ನೋಡಿಕೊಳ್ಳಿ. ಕಡಿಮೆ ಬೆಲೆಯ ಎಷ್ಟೋ ಫೋನ್‌ಗಳಲ್ಲಿ ಅದು ಇರುವುದಿಲ್ಲ, ಇಲ್ಲದಿದ್ದರೆ ಲಿಬ್ರೆ ಸೆನ್ಸರನ್ನು ಫೋನಿನಿಂದ ಶುರು ಮಾಡಲಾಗದು.

ನಿಮ್ಮ ಮುಂದೆ ಈಗ ಎರಡು ದಾರಿ ಇವೆ. ಅಲಾರಂ ಇರುವ ಸೆನ್ಸರ್ ಹಾಕಿಸುವುದು ಒಂದು. ಖರ್ಚು ಜಾಸ್ತಿ, ಎರಡು ವಾರಕ್ಕೊಮ್ಮೆ ಬದಲಿಸಬೇಕು, ಫೋನ್ ಅಪ್ಪ ಮಲಗುವ ಕೋಣೆಯಲ್ಲೇ ಇರಬೇಕು. ತೋಳಿನ ಮೇಲೆ ಒತ್ತಿ ಮಲಗಿದರೆ ಸುಳ್ಳು ಲೋ ಕೂಡ ತೋರಿಸುತ್ತದೆ, ಗಾಬರಿ ಬೀಳಬಾರದು. ಇನ್ನೊಂದು ದಾರಿ, ಡಾಕ್ಟರ ಹತ್ತಿರವೇ ಪ್ರೊ ಹಾಕಿಸಿ, 14 ದಿನದ ಲೆಕ್ಕ ನೋಡಿ ಡೋಸ್ ಸರಿಮಾಡಿಸಿಕೊಳ್ಳುವುದು. ಖರ್ಚು ಒಂದು ಸಲ, ಆದರೆ ಆ 14 ರಾತ್ರಿ ಅದು ನಿಮ್ಮನ್ನು ಎಬ್ಬಿಸುವುದಿಲ್ಲ. ನಮ್ಮ ಮನೆಯ ಹಿರಿಯರಾಗಿದ್ದರೆ ನಾನು ಮೊದಲನೆಯದನ್ನು ಆರಿಸುತ್ತಿದ್ದೆ. ಕಾರಣ, ಅಪ್ಪ ಈಗಾಗಲೇ ಎರಡು ಸಲ ಬೆವೆತು ಎದ್ದಿದ್ದಾರೆ. ಇಪ್ಪತ್ತು ವರ್ಷ ಶುಗರ್ ಇದ್ದವರಿಗೆ ಕೆಲವೊಮ್ಮೆ ಬೆವರು, ನಡುಕ ಕೂಡ ಬರದೆ ನೇರ ಮಂಪರು ಬರುತ್ತದೆ.

ಸೆನ್ಸರ್ ಬರುವವರೆಗೆ ಕಾಯಬೇಡಿ. ಈ ವಾರವೇ ಡಾಕ್ಟರನ್ನು ಕಂಡು ರಾತ್ರಿಯ ಇನ್ಸುಲಿನ್ ಡೋಸ್ ಬಗ್ಗೆ ಮಾತಾಡಿ. ಅಲ್ಲಿಯವರೆಗೆ ಮಲಗುವ ಮುಂಚೆ ಒಮ್ಮೆ, ರಾತ್ರಿ ಎರಡು ಮೂರು ಗಂಟೆ ನಡುವೆ ಒಮ್ಮೆ ಗ್ಲೂಕೋಮೀಟರ್‌ನಲ್ಲಿ ಬೆರಳು ಚುಚ್ಚಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಚುಚ್ಚಿ ನೋಡಿ. ಏರಿಲ್ಲದಿದ್ದರೆ ಇನ್ನೊಮ್ಮೆ ಕೊಡಿ. ಮಂಡ್ಯದ ಮನೆಗಳಲ್ಲಿ ಬೆಲ್ಲದ ಚೂರು ಬಾಯಿಗೆ ಹಾಕುವ ರೂಢಿ ಇದೆ. ಮಂಪರಿನಲ್ಲಿರುವವರು ಅಗಿಯಲಾರರು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಎಚ್ಚರ ಇದ್ದರೆ ಸಕ್ಕರೆ ನೀರೇ ವಾಸಿ. ಕರೆದರೂ ಏಳದಿದ್ದರೆ ಬಾಯಿಗೆ ಏನೂ ಹಾಕಬೇಡಿ, ಪಕ್ಕಕ್ಕೆ ತಿರುಗಿಸಿ ಮಲಗಿಸಿ, 108ಕ್ಕೆ ಫೋನ್ ಮಾಡಿ.